ಲೈಪೋ ಮಾಡಿಸಿದ ಮ್ಯಾಲೂ ಹೊಟ್ಟಿ ಯಾಕ ಇಳೀಲಿಲ್ಲ?

ಪ್ರಶ್ನೆ: ಡಾಕ್ಟರ್ರ, ನನಗ 38 ವರ್ಷ, ಗೋಕಾಕ ಕಡೆಯಾಕಿ, ಸಾಲಿ ಟೀಚರ್. ಎರಡು ಮಕ್ಕಳು, ಎರಡೂ ಸಿಜೇರಿಯನ್. ಎತ್ತರ 5 ಅಡಿ 2 ಇಂಚು, ತೂಕ 71 ಕೆಜಿ. ನಾಕು ತಿಂಗಳ ಹಿಂದ ಬ್ಯಾರೆ ಊರಿನ ಒಂದು ಕ್ಲಿನಿಕ್‌ನಾಗ ಹೊಟ್ಟಿಗೆ ಲೈಪೋಸಕ್ಷನ್ (ನಳಿಗಿ ಹಾಕಿ ಬೊಜ್ಜು ಎಳಿಯೋ ಆಪರೇಶನ್) ಮಾಡಿಸ್ಕೊಂಡೆ. ಮೂರೂವರಿ ಲೀಟರ್ ತಗದೇವಿ ಅಂದ್ರು, ಆದ್ರ ತೂಕ ಇಳದಿದ್ದು ಎರಡು ಕೆಜಿ. ಈಗೂ ನಿಂತ್ರ ನಾಕು ತಿಂಗಳ ಬಸುರಿ ಹಂಗ ಕಾಣ್ತೀನಿ. ಹೊಕ್ಕಳ ಕೆಳಗ ತೊಗಲು ಮೊದಲಿಗಿಂತ ಜಾಸ್ತಿ ಜೋತು ಬಿದ್ದೈತಿ, ಬಲಗಡೆ ಒಂದು ತಗ್ಗು ಬಿದ್ದೈತಿ. ಕ್ಲಿನಿಕ್‌ನವರು "ಇನ್ನೊಂದು ಸಲ ಕಡಿಮಿ ರೇಟಿನ್ಯಾಗ ಮಾಡಿ ಕೊಡ್ತೀವಿ" ಅಂತಾರ. ಮಾಡಿಸ್ಕೊಳ್ಲ್ಯಾ? ನಾ ಮೋಸ ಹೋದೆನಾ?

ಉತ್ತರ: ಅಕ್ಕಾರ, ಮೊದಲಿನ ಪ್ರಶ್ನೆಗೆ ಮೊದಲ ಹೇಳಿಬಿಡ್ತೀನಿ, ಇನ್ನೊಂದು ಲೈಪೋ ಬ್ಯಾಡ. ಈಗಂತೂ ಬ್ಯಾಡ, ಪುಕ್ಕಟ ಮಾಡ್ತೀವಿ ಅಂದ್ರೂ ಬ್ಯಾಡ. ಯಾಕಂದ್ರ ನೀವು ಬರದಿದ್ದು ಮೂರು ತಕರಾರು ಅದಾವು, ಹೊಟ್ಟಿ ಮುಂದ ಬಂದಿದ್ದು, ತೊಗಲು ಜೋತಿದ್ದು, ತಗ್ಗು ಬಿದ್ದಿದ್ದು, ಈ ಮೂರಕ್ಕೂ ಕಾರಣ ಬ್ಯಾರೆ ಬ್ಯಾರೆ, ಮತ್ತ ಮೂರರೊಳಗ ಒಂದಕ್ಕೂ ಲೈಪೋ ಔಷಧ ಅಲ್ಲ. ಮೊದಲನೇದಕ್ಕ ಅದು ಮುಟ್ಟೂದ ಇಲ್ಲ, ಉಳದ ಎರಡನ್ನ ಇನ್ನಷ್ಟು ಕೆಡಿಸ್ತೈತಿ.

ಲೀಟರಿನ ಲೆಕ್ಕ ಒಂದು ಹೇಳಿ ಮುಂದ ಹೋಗ್ತೀನಿ, ಯಾಕಂದ್ರ ಭಾಳ ಮಂದಿ ಇಲ್ಲೇ ದಾರಿ ತಪ್ಪತಾರ. ಲೈಪೋ ಮಾಡೋಮುಂದ ಮೊದಲು ತೊಗಲಿನ ಕೆಳಗ ಸಲೈನ್ ನೀರು ಬಿಡ್ತಾರ, ಅದರಾಗ ಮರಗಟ್ಟಿಸೋ ಲಿಗ್ನೊಕೇನು, ರಕ್ತ ಕಮ್ಮಿ ಹೋಗ್ಲಿ ಅಂತ ಅಡ್ರಿನಾಲಿನ್ ಕೂಡಿಸಿರ್ತಾರ. 1980ರ ದಶಕದಾಗ ಅಮೆರಿಕದ ಜೆಫ್ರಿ ಕ್ಲೈನ್ ಅನ್ನೋ ಡಾಕ್ಟರು ಈ ಪದ್ಧತಿ ತಂದಿದ್ದು, ಈಗ ಹೆಚ್ಚುಕಮ್ಮಿ ಎಲ್ಲಾ ಕಡೆ ಇದ ನಡೀತೈತಿ. ಆಮ್ಯಾಲ ಸಣ್ಣ ನಳಿಗಿ ಹಾಕಿ ಎಳದಾಗ ಬಾಟ್ಲಿಗೆ ಬರೋದು ಬರೇ ಬೊಜ್ಜಲ್ಲ, ಆ ಬಿಟ್ಟ ನೀರೂ ಬರ್ತೈತಿ, ಒಂಚೂರು ರಕ್ತಾನೂ ಬರ್ತೈತಿ. ಅದರ ಮ್ಯಾಲ ಬೊಜ್ಜು ನೀರಿಗಿಂತ ಹಗುರ. ಹಿಂಗಾಗಿ ಮೂರೂವರಿ ಲೀಟರ್ ತಗದಾಗ ಎರಡು ಕೆಜಿ ಇಳದ್ರ ಅದರಾಗ ಏನೂ ಮೋಸ ಇಲ್ಲ, ಲೆಕ್ಕ ಬರೋಬ್ಬರಿ ಐತಿ. ಒಂದ ಸಲಕ್ಕ ಐದು ಲೀಟರಿಗಿಂತ ಜಾಸ್ತಿ ಎಳದ್ರ ಅಪಾಯ ಏರ್ತೈತಿ, ಅದಕ ಶಾಣ್ಯಾ ಸರ್ಜನ್ ಯಾರೂ ಲೈಪೋನ್ನ ತೂಕ ಇಳಿಸೋ ಆಪರೇಶನ್ ಅಂತ ಹೇಳಂಗಿಲ್ಲ. ಹಂಗ ಯಾರರ ಹೇಳಿ ರೊಕ್ಕ ತಗೊಂಡಿದ್ರ ಅಲ್ಲೇ ಸುಳ್ಳು ಸುರು ಆತು ಅನ್ನಿ.

ಈಗ ಆ ಬಸುರಿ ಹಂಗ ಕಾಣೋ ಹೊಟ್ಟಿ ಮಾತು. ನಮ್ಮ ಹೊಟ್ಟಿ ಮುಂದಿನ ಗ್ವಾಡಿ ಪದರ ಪದರ ಐತಿ. ಮ್ಯಾಲ ತೊಗಲು, ಅದರ ಕೆಳಗ ಚಿವುಟಿದ್ರ ಕೈಗೆ ಸಿಗೋ ಬೊಜ್ಜು, ಅದರ ಕೆಳಗ ಸ್ನಾಯು, ಸ್ನಾಯುವಿನ ಒಳಗಡೆ ಕರುಳಿನ ಸುತ್ತ ಮತ್ತೊಂದು ಬೊಜ್ಜು. ಲೈಪೋ ನಳಿಗಿ ಆಡೋದು ಎರಡನೇ ಪದರದಾಗ ಅಷ್ಟ. ಸ್ನಾಯು ದಾಟಿ ಒಳಗ ಹೋಗಂಗಿಲ್ಲ, ಹೋಗಬಾರದು, ಹೋದ್ರ ಕರುಳಿಗೆ ತೂತು ಬೀಳ್ತೈತಿ. ಹಂಗಂದ್ರ ನಿಮ್ಮ ಹೊಟ್ಟಿ ಮುಂದ ಬಂದಿದ್ದು ಸ್ನಾಯು ಸಡ್ಲಾಗಿ ಇರ್ಲಿ, ಒಳಗಿನ ಬೊಜ್ಜಿನಿಂದ ಇರ್ಲಿ, ಹೊರಗಿನ ಪದರ ಎಷ್ಟ ಎಳದ್ರೂ ಅದು ಹಂಗ ಉಳೀತೈತಿ. ನಿಮಗ ಆಗಿದ್ದು ಇದ ಇರಬೇಕು ಅಂತ ನನ್ನ ಅಂದಾಜು, ಕೈ ಮುಟ್ಟಿ ನೋಡದ ಖಾತ್ರಿ ಹೇಳಾಕ ಬರಂಗಿಲ್ಲ ಖರೆ, ಆದ್ರ ನೀವ ಮನ್ಯಾಗ ಅರ್ಧ ಪತ್ತೆ ಹಚ್ಚಬಹುದು.

ಮುಂಜಾನೆ ಖಾಲಿ ಹೊಟ್ಟ್ಯಾಗ ಹಾಸಿಗಿ ಮ್ಯಾಲ ಅಂಗಾತ ಮಲಗ್ರಿ, ಮೊಣಕಾಲು ಮಡಚ್ರಿ. ಬಲಗೈಯ ಎರಡು ಬೆರಳು ಹೊಕ್ಕಳದ ಒಂದಿಂಚು ಮ್ಯಾಲ ನಡುವ ಇಟ್ಟು ಮೆಲ್ಲಕ ಒತ್ರಿ. ಈಗ ಕೈ ಆಸರ ತಗೊಳ್ಳದ ಬರೇ ತಲಿ ಮತ್ತ ಭುಜ ಒಂಚೂರು ಎತ್ರಿ. ಎರಡೂ ಕಡೆಯಿಂದ ಗಟ್ಟಿ ಪಟ್ಟಿ ಹಂಗ ಸ್ನಾಯು ಬಂದು ಬೆರಳನ್ನ ಒತ್ತತೈತಿ. ಎರಡು ಬೆರಳು ಆರಾಮ ಒಳಗ ಇಳದು ಇನ್ನೂ ಜಾಗ ಉಳದ್ರ, ಇಲ್ಲಾ ತಲಿ ಎತ್ತಿದಾಗ ನಡುವಿನ ಗೆರಿಗುಂಟ ಹೊಟ್ಟಿ ಗೋಪುರದಂಗ ಉಬ್ಬಿದ್ರ, ನಿಮ್ಮ ಸ್ನಾಯು ಬಸುರಿದ್ದಾಗ ಅಗಲ ಆದದ್ದು ಮತ್ತ ಕೂಡಿಲ್ಲ. ಇದಕ ಡಯಾಸ್ಟಾಸಿಸ್ ರೆಕ್ಟೈ ಅಂತೀವಿ, 2 ಸೆಂಟಿಮೀಟರ್ ಮೀರಿದ್ರ ಗ್ಯಾಪ್ ಐತಿ ಅಂತ ಸಾಧಾರಣ ಲೆಕ್ಕ. ಹೊಕ್ಕಳ ಕೆಳಗೂ ಮ್ಯಾಲೂ ಹಿಂಗ ನೋಡ್ರಿ. ಎರಡು ಮಕ್ಕಳಾದ ಹೆಣ್ಣಮಕ್ಕಳಲ್ಲಿ ಇದು ಭಾಳ ಕಾಮನ್, ಇದರಾಗ ನಿಮ್ಮ ತಪ್ಪು ಏನೂ ಇಲ್ಲ. ನಿಮ್ಮ ಅತ್ತಿಯವರು "ಬಾಣಂತನದಾಗ ಹೊಟ್ಟಿ ಬಿಗಿದು ಕಟ್ಟಿಸ್ಕೊಳ್ಳಲಿಲ್ಲ, ಅದಕ ಹಿಂಗಾತು" ಅಂತ ಅಂದಿರಬೇಕು, ನಮ್ಮ ಕಡೆ ಎಲ್ಲಾರೂ ಅಂತಾರ. ಹಳೇ ಸೀರಿ ಹರದು ಕಟ್ಟೋದ್ರಿಂದ ಬೆನ್ನಿಗೆ ಆಸರ ಸಿಗ್ತೈತಿ, ಎದ್ದು ಕುಂದ್ರಾಕ ಆರಾಮ ಆಗ್ತೈತಿ, ಅಷ್ಟು ಖರೆ. ಬಿಟ್ಟ ಸ್ನಾಯು ಅದರಿಂದ ಕೂಡ್ತೈತಿ ಅನ್ನೋದು ಖರೆ ಅಲ್ಲ.

ಬೆರಳು ಇಳೀಲಿಲ್ಲ, ಸ್ನಾಯು ಗಟ್ಟಿ ಐತಿ, ಆದ್ರೂ ಹೊಟ್ಟಿ ದುಂಡಗ ಮುಂದ ಐತಿ, ಚಿವುಟಿದ್ರ ಕೈಯಾಗ ಬೊಜ್ಜು ಕಮ್ಮಿ ಸಿಗ್ತೈತಿ ಅಂದ್ರ ಅದು ಒಳಗಿನ ಬೊಜ್ಜು. ನಿಮ್ಮ ಎತ್ತರ ತೂಕಕ್ಕ ಬಿಎಂಐ ಸುಮಾರು 28.6 ಬರ್ತೈತಿ. ನಮ್ಮ ದೇಶದವ್ರಿಗೆ 23 ದಾಟಿದ್ರ ತೂಕ ಜಾಸ್ತಿ, 25 ದಾಟಿದ್ರ ಬೊಜ್ಜು ಅಂತ ಹಿಡೀತೀವಿ, ಹೆಣ್ಣಮಕ್ಕಳ ಟೊಂಕದ ಅಳತಿ 80 ಸೆಂಟಿಮೀಟರ್ ಒಳಗ ಇರಬೇಕು ಅಂತೀವಿ. ಟೇಪು ಹಿಡದು ಅಳೀರಿ, ಸೀರಿ ಉಡೋ ಜಾಗದಾಗ ಅಲ್ಲ, ಕೆಳಗಿನ ಪಕ್ಕೆಲಬು ಮತ್ತ ಟೊಂಕದ ಎಲಬು ಇವೆರಡರ ನಟ್ಟ ನಡುವ. ಒಳಗಿನ ಬೊಜ್ಜು ಲೈಪೋದಿಂದ ಹೋಗಂಗಿಲ್ಲ ಅನ್ನೋದಕ್ಕ ಒಂದು ಚಲೋ ಪುರಾವೆ ಐತಿ. 2004ರಾಗ ಅಮೆರಿಕದಾಗ ದಪ್ಪ ಇದ್ದ 15 ಹೆಣ್ಣಮಕ್ಕಳಿಗೆ ದೊಡ್ಡ ಪ್ರಮಾಣದ ಲೈಪೋ ಮಾಡಿ, ಒಬ್ಬೊಬ್ಬರಿಂದ ಸುಮಾರು ಒಂಬತ್ತು ಹತ್ತು ಕೆಜಿ ಬೊಜ್ಜು ತಗದು, 10-12 ವಾರ ಬಿಟ್ಟು ನೋಡಿದ್ರು. ಸಕ್ಕರಿ, ಬಿಪಿ, ಕೊಲೆಸ್ಟ್ರಾಲು ಯಾವುದರಾಗೂ ಹೇಳಿಕೊಳ್ಳುವಂಥ ಸುಧಾರಣಿ ಇರಲಿಲ್ಲ. ಅಷ್ಟ ತೂಕ ಊಟ ನಡಿಗಿಯಿಂದ ಇಳಿಸಿದ್ರ ಇವೆಲ್ಲಾ ಸುಧಾರಿಸ್ತಾವು, ಯಾಕಂದ್ರ ಹಂಗ ಇಳದಾಗ ಒಳಗಿನ ಬೊಜ್ಜೂ ಕರಗತೈತಿ. ಅದಕ ಒಳಗಿನ ಬೊಜ್ಜಿಗೆ ಸರ್ಜನ್ ಬೇಕಾಗಿಲ್ಲ, ಅದು ನಿಮ್ಮ ಕೈಯಾಗ ಐತಿ. ದಿನಾ ಚುರುಕು ನಡಿಗಿ, ರಾತ್ರಿ ಊಟ ಹಗುರ. ರೊಟ್ಟಿ ಪಲ್ಯಾ ಬಿಡಬೇಕಾಗಿಲ್ಲ, ಆದ್ರ ಗೋಕಾಕದಾಗ ಇದ್ದು ಕರದಂಟು ಮುಟ್ಟಬ್ಯಾಡ್ರಿ ಅನ್ನಾಕ ನನಗೂ ಬಾಯಿ ಬರವಲ್ದು, ವಾರಕ್ಕೊಂದು ತುಂಡು ಅಂತ ಇಟ್ಕೊಳ್ರಿ.

ಭಾಳ ಸಲ ಎರಡೂ ಕೂಡೇ ಇರ್ತಾವು, ಸ್ನಾಯುನೂ ಬಿಟ್ಟಿರ್ತೈತಿ, ಒಳಗ ಬೊಜ್ಜೂ ಇರ್ತೈತಿ. ಬೆರಳಿನ ಪರೀಕ್ಷಾದ ಮ್ಯಾಲ ಹೊಟ್ಟಿ ಮುಂದಿನ ಗ್ವಾಡಿಯ ಅಲ್ಟ್ರಾಸೌಂಡ್ ಒಂದು ಮಾಡಿಸ್ರಿ, ಸ್ಕ್ಯಾನಿಂಗ್ ಗೋಕಾಕದಾಗ ಆಗ್ತೈತಿ, ಅದಕ ಬೆಳಗಾವಿ ತನಕ ಬರೋದು ಬ್ಯಾಡ. ಹೇಳೋಮುಂದ ಬರೇ ಹೊಟ್ಟಿ ಸ್ಕ್ಯಾನ್ ಅನಬ್ಯಾಡ್ರಿ, ಹಂಗಂದ್ರ ಲಿವರು ಕಿಡ್ನಿ ನೋಡಿ ಕಳಿಸ್ತಾರ. ಸ್ನಾಯುವಿನ ನಡುವಿನ ಗ್ಯಾಪ್ ಎಷ್ಟು ಸೆಂಟಿಮೀಟರ್, ಹೊಕ್ಕಳದಾಗ ಇಲ್ಲಾ ಸಿಜೇರಿಯನ್ ಹೊಲಿಗಿ ಜಾಗದಾಗ ಹರ್ನಿಯಾ ಐತೇನು, ತೊಗಲಿನ ಕೆಳಗ ಎಲ್ಲರ ನೀರು ನಿಂತೈತೇನು, ಈ ಮೂರೂ ಬರದು ಕೊಡ್ರಿ ಅಂತ ಕೇಳ್ರಿ. ಹರ್ನಿಯಾ ಅಂದ್ರ ಹೊಟ್ಟಿ ಗ್ವಾಡಿಯ ತೂತಿನಿಂದ ಒಳಗಿನ ಕರುಳು ಇಲ್ಲಾ ಬೊಜ್ಜು ಹೊರಗ ಉಬ್ಬೋದು, ಈ ಮಾತು ಹಗುರ ತಗೋಬ್ಯಾಡ್ರಿ. ಹರ್ನಿಯಾ ಇದ್ದ ಜಾಗಕ್ಕ ಗೊತ್ತಿಲ್ಲದ ಲೈಪೋ ನಳಿಗಿ ಹೋದ್ರ ಅಲ್ಲಿ ಕರುಳು ಇರ್ತೈತಿ. ನಿಮಗ ಮೊದಲನೇ ಸಲ ಏನೂ ಆಗಿಲ್ಲ, ದೇವರ ದಯಾ, ಸ್ಕ್ಯಾನ್ ಇಲ್ಲದ ಎರಡನೇ ಸಲ ಮಾಡ್ತೀವಿ ಅನ್ನೋರ ಕಡೆ ಹೋಗಬ್ಯಾಡ್ರಿ ಅಂತ ನಾ ಇಷ್ಟು ಬಿಗಿಯಾಗಿ ಹೇಳಾಕ ಇದೂ ಒಂದು ಕಾರಣ.

ಇನ್ನ ತೊಗಲು. ಗಾದಿಯಿಂದ ಹತ್ತಿ ತಗದ್ರ ಗಲೀಫು ಸಡ್ಲ ಬೀಳ್ತೈತಿ, ಇಲ್ಲಿ ಆಗಿದ್ದು ಅದ. ಇಪ್ಪತ್ತೈದರ ವಯಸ್ಸಿನಾಗ, ಹೆರಿಗಿ ಆಗದವ್ರ ತೊಗಲು ತಾನ ಬಿಗಿದುಕೊಳ್ತೈತಿ. ಎರಡು ಸಲ ಒಂಬತ್ತು ತಿಂಗಳು ಹಿಗ್ಗಿ, ಒಳಗಿನ ನಾರು ಹರದು, ಬಿಳಿ ಬಿಳಿ ಗೆರಿ ಬಿದ್ದ ತೊಗಲು ಹಂಗ ವಾಪಸ್ ಬರಂಗಿಲ್ಲ. ಮ್ಯಾಲ ಸಿಜೇರಿಯನ್ ಹೊಲಿಗಿ ಕೆಳಗ ಅಂಟಿ ಹಿಡಕೊಂಡಿರ್ತೈತಿ, ಅದರ ಮ್ಯಾಲಿನ ತೊಗಲು ಜೋಲಿ ಆಗಿ ಅದರ ಮ್ಯಾಲ ಬೀಳ್ತೈತಿ. ಆಪರೇಶನ್ನಿಗೆ ಮೊದಲು ನಿಮ್ಮನ್ನ ನಿಲ್ಲಿಸಿ, ಬಗ್ಗಿಸಿ, ಈ ತೊಗಲು ಹಿಡದು ನೋಡಿದ ಯಾವ ಸರ್ಜನ್ ಆದ್ರೂ "ಬರೇ ಲೈಪೋ ಮಾಡಿದ್ರ ಇದು ಜೋಲ್ತೈತಿ" ಅಂತ ಹೇಳಬೇಕಾಗಿತ್ತು. ಅವರು ನಿಮ್ಮನ್ನ ಮಲಗಿಸಿ ಅಷ್ಟ ನೋಡಿದ್ರೇನು? ಮಲಗಿದ್ರ ಎಲ್ಲಾರ ಹೊಟ್ಟೀನೂ ಚಪ್ಪಟಿ ಕಾಣ್ತೈತಿ. ತೊಗಲು ಬಿಗಿಸೋ ಮಶೀನು ಅದಾವು, ರೇಡಿಯೋ ಫ್ರೀಕ್ವೆನ್ಸಿ ಅಂತ, ಇನ್ನೂ ಏನೇನೋ ಹೆಸರಿನವು, ತೊಗಲು ಒಂಚೂರ ಸಡ್ಲ ಇದ್ದವ್ರಿಗೆ ಒಂಚೂರು ಉಪಯೋಗ ಆಗ್ತೈತಿ. ಕೈಯಾಗ ಹಿಡದು ಎತ್ತಿದ್ರ ಮುಷ್ಟಿ ತುಂಬೋ ತೊಗಲಿಗೆ ಅವು ಏನೂ ಮಾಡಂಗಿಲ್ಲ, ಆ ರೊಕ್ಕ ಉಳಿಸ್ರಿ.

ತಗ್ಗಿನ ವಿಷಯದಾಗ ಮಾತ್ರ ಕ್ಲಿನಿಕ್‌ನವರು "ಆರು ತಿಂಗಳು ತಡೀರಿ" ಅಂತ ಏನರ ಅಂದ್ರ ಆ ಮಾತು ಬರೋಬ್ಬರಿ ಐತಿ. ಲೈಪೋ ಆದ ಮ್ಯಾಲ ಒಳಗ ಬಾವು ಬರ್ತೈತಿ, ಅಲ್ಲಲ್ಲಿ ಗಟ್ಟಿ ಗಟ್ಟಿ ಆಗ್ತೈತಿ, ಮೂರು ತಿಂಗಳಿಗೆ ಬಹಳಷ್ಟು ಇಳೀತೈತಿ, ಪೂರ್ತಿ ಇಳಿಯಾಕ ಆರು ತಿಂಗಳು, ಕೆಲವರಿಗೆ ವರ್ಷಾನೂ ಹಿಡೀತೈತಿ. ಸುತ್ತಲೂ ಬಾವು ಇದ್ರ ನಡುವಿನ ಸಾದಾ ಜಾಗನೂ ತಗ್ಗಿನಂಗ ಕಾಣ್ತೈತಿ. ಅದಕ ನಾಕು ತಿಂಗಳಿಗೆ ತೀರ್ಪು ಕೊಡಾಕ ಬರಂಗಿಲ್ಲ. ಆದ್ರ ತಗ್ಗಿನ ಮ್ಯಾಲಿನ ತೊಗಲು ಚಿವುಟಾಕ ಬರದಂಗ ಕೆಳಗ ಅಂಟಿಕೊಂಡಿದ್ರ, ಕೈ ಎತ್ತಿದಾಗ ತಗ್ಗು ಇನ್ನೂ ಆಳ ಆದ್ರ, ಅಲ್ಲಿ ತೊಗಲಿನ ತೀರಾ ಹತ್ತಿರ ಎಳದಾರ, ಬೊಜ್ಜು ಜಾಸ್ತಿ ಹೋಗೇತಿ ಅಂತ ಅರ್ಥ. ಅದು ತಾನ ತುಂಬಂಗಿಲ್ಲ. ಅದಕ ಮುಂದ ತೊಡಿಯಿಂದ ಒಂಚೂರು ನಿಮ್ಮದ ಬೊಜ್ಜು ತಗದು ಸೋಸಿ ಅಲ್ಲಿ ತುಂಬಬೇಕಾಗ್ತೈತಿ, ತುಂಬಿದ್ದರಾಗ ಒಂದಿಷ್ಟು ಕರಗಿ ಹೋಗ್ತೈತಿ, ಅದಕ ಎರಡನೇ ಸಲನೂ ಬೇಕಾಗಬಹುದು. ಅಷ್ಟರ ತನಕ ದಿನಾ ಐದು ಹತ್ತು ನಿಮಿಷ ಎಣ್ಣಿ ಹಚ್ಚಿ ಬೆರಳಿನಿಂದ ಗುಂಡಗ ತೀಡ್ರಿ, ಜೋರು ಮಾಡಿ ಕಂದು ಕಟ್ಟಿಸ್ಕೋಬ್ಯಾಡ್ರಿ. ಲೈಪೋ ಆದ ಮ್ಯಾಲ ಹೊಟ್ಟಿಗೆ ಕಟ್ಟೋ ಬಿಗಿ ಬೆಲ್ಟು ಸಾಧಾರಣ ನಾಕರಿಂದ ಆರು ವಾರ ಸಾಕು, ನಾಕು ತಿಂಗಳ ಮ್ಯಾಲೂ ಹಾಕೊಂಡ ಅಡ್ಡಾಡೋರು ಅದಾರ, ಅದರಿಂದ ತಗ್ಗೂ ತುಂಬಂಗಿಲ್ಲ, ಹೊಟ್ಟೀನೂ ಇಳಿಯಂಗಿಲ್ಲ.

ಹಂಗಾದ್ರ ನಿಮಗ ಬೇಕಾಗಿದ್ದು ಯಾವ ಆಪರೇಶನ್? ಸ್ನಾಯು ಬಿಟ್ಟೈತಿ, ತೊಗಲು ಜೋತೈತಿ ಅಂತ ಖಾತ್ರಿ ಆದ್ರ ಅದಕ ಇರೋದು ಟಮ್ಮಿ ಟಕ್, ಅಬ್ಡಾಮಿನೋಪ್ಲಾಸ್ಟಿ. ಸಿಜೇರಿಯನ್ ಗಾಯದ ಸಾಲಿನಾಗ ಒಂದು ಟೊಂಕದಿಂದ ಇನ್ನೊಂದು ಟೊಂಕದ ತನಕ ಕೊಯ್ದು, ತೊಗಲು ಪಕ್ಕೆಲಬಿನ ತನಕ ಎಬ್ಬಿಸಿ, ಅಗಲಾದ ಸ್ನಾಯುನ ನಟ್ಟ ನಡುವ ಮ್ಯಾಲಿಂದ ಕೆಳಗಿನ ತನಕ ಹೊಲದು ಕೂಡಿಸಿ, ಮಿಕ್ಕ ತೊಗಲು ಕತ್ತರಿಸಿ ತಗದು, ಹೊಕ್ಕಳಕ್ಕ ಹೊಸ ಜಾಗ ಮಾಡ್ತೀವಿ. ಚಂದ ಕೇಳಸ್ತೈತಿ, ಆದ್ರ ಇದರಾಗೂ ನಿರಾಶಾ ಆದವ್ರು ಅದಾರ, ಅದನ್ನ ಮುಚ್ಚಿಟ್ಟು ಹೇಳಿದ್ರ ನಾನೂ ಅದ ಸಾಲಿಗೆ ಸೇರಿದಂಗ. ಗಾಯದ ಕಲಿ ಜೀವನಪೂರ್ತಿ ಇರ್ತೈತಿ, ಕೆಂಪು ಹೋಗಿ ತೆಳು ಆಗಾಕ ವರ್ಷ ಒಂದೂವರಿ ವರ್ಷ ಬೇಕು, ನಮ್ಮ ಬಣ್ಣದ ತೊಗಲಿನಾಗ ಅದು ದಪ್ಪ ಆಗೋ ಸಂಭವ ಜಾಸ್ತಿ. ಟೊಂಕದ ತುದಿಗೆ ತೊಗಲು ಕಿವಿ ಹಂಗ ನಿಲ್ಲಬಹುದು. ಹೊಕ್ಕಳ ಕೆಳಗ ತಿಂಗಳುಗಟ್ಟಲೆ ಜೋಮು ಇರ್ತೈತಿ, ಕೆಲವರಿಗೆ ಒಂಚೂರು ಜಾಗ ಕಾಯಂ ಮರಗಟ್ಟತೈತಿ. ಒಳಗ ನೀರು ತುಂಬಿದ್ರ ಸಿರಿಂಜಿನಿಂದ ಎರಡು ಮೂರು ಸಲ ತಗೀಬೇಕಾಗ್ತೈತಿ. ಎಲ್ಲಾದಕ್ಕಿಂತ ದೊಡ್ಡದು, ಒಳಗ ಬೊಜ್ಜು ತುಂಬಿದ್ದಾಗನ ಸ್ನಾಯು ಬಿಗಿದು ಹೊಲದ್ರ ಹೊಟ್ಟಿ ಚಪ್ಪಟಿ ಆಗಂಗಿಲ್ಲ, ಹೊಕ್ಕಳದ ಮ್ಯಾಲ ಉಬ್ಬು ಹಂಗ ಉಳೀತೈತಿ, ಉಸರಾಡಾಕೂ ತ್ರಾಸ ಆಗ್ತೈತಿ. ಅದಕ ನಿಮ್ಮಂಥವ್ರು ನನ್ನ ಕಡೆ ಬಂದ್ರ ಮೊದಲು ತೂಕ ಇಳಿಸ್ರಿ, ಇಳದ ತೂಕ ಆರು ತಿಂಗಳು ಹಂಗ ನಿಲ್ಲಿಸ್ರಿ, ಆಮ್ಯಾಲ ಮಾತಾಡೋಣು ಅಂತ ವಾಪಸ್ ಕಳಿಸ್ತೀನಿ. ಕೆಲವರು ಸಿಟ್ಟಾಗಿ ಬ್ಯಾರೆ ಕಡೆ ಹೋಗಿ ಮಾಡಿಸ್ಕೊಳ್ತಾರ, ಏನ ಮಾಡೋದು. ಇನ್ನೊಂದು ಮಗು ಬೇಕು ಅನ್ನೋ ವಿಚಾರ ಇದ್ರ ಅದು ಆಗೋ ತನಕ ಈ ಆಪರೇಶನ್ ಮುಂದ ಹಾಕ್ರಿ. ಮುಗದ ಮ್ಯಾಲ ಎರಡು ಮೂರು ವಾರ ಸಾಲಿಗೆ ರಜಾ, ಆರು ವಾರ ನೀರಿನ ಕೊಡ, ಸಿಲಿಂಡರು, ಮಕ್ಕಳನ್ನ ಎತ್ತೋದು ಬಂದ್, ಆದ್ರ ಮೊದಲನೇ ದಿನದಿಂದನ ಎದ್ದು ನಾಕು ಹೆಜ್ಜಿ ಅಡ್ಡಾಡಬೇಕು, ಇಲ್ಲಂದ್ರ ಕಾಲಿನಾಗ ರಕ್ತ ಹೆಪ್ಪುಗಟ್ಟೋ ಅಪಾಯ.

ಒಂದು ಪ್ರಶ್ನೆ ನಾ ನಮ್ಮ ಕಡೆ ಹೆಣ್ಣಮಕ್ಕಳಿಗೆ ಕೇಳೇ ಕೇಳ್ತೀನಿ, ಅವರು ನಾಚಿಕೊಂಡು ಇಲ್ಲ ಅಂತಾರ. ಮಿಶ್ರಿ ತಿಕ್ತೀರೇನು? ಹಲ್ಲಿಗೆ ಹಚ್ಚೋದು, ಅದೇನು ತಂಬಾಕು ಅಲ್ಲಲ್ಲ ಅಂತಾರ. ಅದು ಹುರದ ತಂಬಾಕಿನ ಪುಡಿನ, ಅದರ ನಿಕೋಟಿನ್ ವಸಡಿನಿಂದ ಸೀದಾ ರಕ್ತಕ್ಕ ಹೋಗ್ತೈತಿ, ಸಣ್ಣ ರಕ್ತನಾಳ ಬಿಗಿತೈತಿ. ಟಮ್ಮಿ ಟಕ್‌ನಾಗ ಎಬ್ಬಿಸಿದ ತೊಗಲಿನ ಕೆಳಗಿನ ಅಂಚಿಗೆ ರಕ್ತ ಮೊದಲ ಕಮ್ಮಿ, ಅದರಾಗ ನಿಕೋಟಿನ್ ಕೂಡಿದ್ರ ಆ ಅಂಚು ಕರ್ರಗ ಆಗಿ ಸಾಯ್ತೈತಿ, ಗಾಯ ಬಾಯಿ ಬಿಡ್ತೈತಿ, ತಿಂಗಳುಗಟ್ಟಲೆ ಡ್ರೆಸ್ಸಿಂಗು. ಆಪರೇಶನ್ನಿಗೆ ಕಮ್ಮೀತಕಮ್ಮಿ ನಾಕು ವಾರ ಮೊದಲು, ಆದ ಮ್ಯಾಲೂ ನಾಕು ವಾರ ಪೂರ್ತಿ ಬಿಡಬೇಕು. ಗಂಡಸರಿಗೆ ಗುಟ್ಕಾ ಬೀಡಿನೂ ಇದ ಲೆಕ್ಕ. ನೀವು ತಿಕ್ಕದಿದ್ರ ಒಳ್ಳೇದು, ತಿಕ್ತಿದ್ರ ಸರ್ಜನ್ ಮುಂದ ಮುಚ್ಚಿಡಬ್ಯಾಡ್ರಿ.

ಇಷ್ಟೆಲ್ಲಾ ಬ್ಯಾಡ, ಎಕ್ಸರ್ಸೈಜ್‌ನಿಂದ ಆಗಂಗಿಲ್ಲೇನು ಅಂತ ಕೇಳಬಹುದು. ಸ್ನಾಯು ಗ್ಯಾಪ್ ಸಣ್ಣದಿದ್ರ ಫಿಸಿಯೋಥೆರಪಿಯಿಂದ ಹೊಟ್ಟಿ ಹಿಡಿತಕ್ಕ ಬರ್ತೈತಿ, ಬೆನ್ನುನೋವೂ ಕಮ್ಮಿ ಆಗ್ತೈತಿ. ಅಗಲ ಇದ್ರ ಪೂರ್ತಿ ಕೂಡಂಗಿಲ್ಲ. ವಿಡಿಯೋ ನೋಡಿ ಸಿಟ್-ಅಪ್ ಹೊಡಿಯಾಕ ಮಾತ್ರ ಹೋಗಬ್ಯಾಡ್ರಿ, ಹೊಟ್ಟಿ ನಡುವ ಉಬ್ಬೋದು ಜಾಸ್ತಿ ಆಗ್ತೈತಿ.

ಮೋಸ ಹೋದೆನಾ ಅಂದ್ರಿ. ಕೆಟ್ಟ ರಿಸಲ್ಟ್ ಬಂತು ಅಂದ ಕೂಡ್ಲೇ ಡಾಕ್ಟರ್ ತಪ್ಪು ಮಾಡ್ಯಾರ ಅಂತ ಅಲ್ಲ, ಕಾನೂನಿನಾಗೂ ಹಂಗ ಇಲ್ಲ. ಆದ್ರ "ನಿಮ್ಮ ಸ್ನಾಯು ಬಿಟ್ಟೈತಿ, ತೊಗಲು ಜೋಲ್ತೈತಿ, ಲೈಪೋದಿಂದ ಇಷ್ಟ ಆಗ್ತೈತಿ" ಅಂತ ಮೊದಲ ಹೇಳಲಿಲ್ಲ ಅಂದ್ರ ಅದು ತಪ್ಪು, ನನ್ನ ಮಟ್ಟಿಗೆ ದೊಡ್ಡ ತಪ್ಪು. ಜಗಳಾ ಮಾಡೋಕಿಂತ ಮೊದಲು ಕಾಗದ ತಗೀರಿ. ನಿಮ್ಮ ಕೇಸ್ ಪೇಪರು, ಆಪರೇಶನ್ ನೋಟ್ಸು, ನೀವು ಸಹಿ ಹಾಕಿದ ಒಪ್ಪಿಗಿ ಪತ್ರ, ಮೊದಲಿನ ಫೋಟೋ, ಇವನ್ನ ಬರದು ಕೇಳ್ರಿ. ಕೇಳಿದ 72 ತಾಸಿನೊಳಗ ಡಾಕ್ಟರು ದಾಖಲೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮ ಐತಿ. ಆಪರೇಶನ್ ಖರೇನ ಮಾಡಿದವ್ರು ಯಾರು ಅಂತ ಅದರಾಗ ನೋಡ್ರಿ, ಎಂಬಿಬಿಎಸ್ ಆದ ಮ್ಯಾಲ ಪ್ಲಾಸ್ಟಿಕ್ ಸರ್ಜರಿಯಾಗ ಎಂಸಿಎಚ್ ಇಲ್ಲಾ ಡಿಎನ್‌ಬಿ ಪದವಿ ಐತೇನು ನೋಡ್ರಿ. ಬೋರ್ಡಿನ ಮ್ಯಾಲ ಕಾಸ್ಮೆಟಿಕ್ ಸರ್ಜನ್ ಅಂತ ಬರಕೊಂಡವ್ರೆಲ್ಲಾ ಪ್ಲಾಸ್ಟಿಕ್ ಸರ್ಜನ್ ಅಲ್ಲ. ಕ್ಲಿನಿಕ್ ನಮ್ಮ ರಾಜ್ಯದ್ದಿದ್ರ ಕೆಪಿಎಂಇ (ಖಾಸಗಿ ದವಾಖಾನಿಗಳ ಕಾಯ್ದೆ) ನೋಂದಣಿ ಸರ್ಟಿಫಿಕೇಟು ಎದುರಿಗೆ ಹಾಕಿರಬೇಕು. 2022ರ ಮೇ ತಿಂಗಳಾಗ ಬೆಂಗಳೂರಿನಾಗ ಬೊಜ್ಜು ತಗಿಸೋ ಸರ್ಜರಿಗೆ ಹೋದ ಕಿರುತೆರೆ ನಟಿ, ಇಪ್ಪತ್ತೊಂದರ ಹುಡುಗಿ, ತೀರಿಕೊಂಡ ಸುದ್ದಿ ನೀವೂ ಓದಿರ್ತೀರಿ. ಐಸಿಯು ಇಲ್ಲದ, ಅನೆಸ್ತೀಶಿಯಾ ಡಾಕ್ಟರು ಕಡೀತನಕ ನಿಲ್ಲದ ಜಾಗದಾಗ ಕಡಿಮಿ ರೇಟು ಅಂತ ಮಲಗಬ್ಯಾಡ್ರಿ. ದೂರು ಕೊಡಬೇಕು ಅನಿಸಿದ್ರ ಆ ರಾಜ್ಯದ ಮೆಡಿಕಲ್ ಕೌನ್ಸಿಲ್ ಐತಿ, ಜಿಲ್ಲಾ ಗ್ರಾಹಕರ ಆಯೋಗ ಐತಿ, ಗ್ರಾಹಕರ ಆಯೋಗಕ್ಕ ಎರಡು ವರ್ಷದೊಳಗ ಹೋಗಬೇಕು, ನಿಮಗಿನ್ನೂ ಟೈಮ್ ಐತಿ.

ರೊಕ್ಕದ ಮಾತು ಒಂದು. ಚಂದಕ್ಕ ಮಾಡಿಸೋ ಸರ್ಜರಿಗೆ ಇನ್ಶುರನ್ಸ್ ಬರಂಗಿಲ್ಲ, ಮ್ಯಾಲ ಜಿಎಸ್‌ಟಿ 18 ಪರ್ಸೆಂಟ್ ಬೀಳ್ತೈತಿ. ಸ್ಕ್ಯಾನಿನಾಗ ಹರ್ನಿಯಾ ಸಿಕ್ಕರ ಹರ್ನಿಯಾ ರಿಪೇರಿ ಭಾಗ ಕ್ಲೇಮ್ ಆಗಬಹುದು, ಪಾಲಿಸಿ ತಗದು ನೋಡ್ರಿ. ಗ್ಯಾಪ್‌ಗೂ ಹರ್ನಿಯಾಕ್ಕೂ ವ್ಯತ್ಯಾಸ ಐತಿ, ಬರೇ ಗ್ಯಾಪ್ ಇದ್ರ ಕಂಪನಿಯವರು ಕೊಡಂಗಿಲ್ಲ ಅಂತಾನ ಹೇಳ್ತಾರ. ಹೊಕ್ಕಳದಾಗ ಉಬ್ಬು ಬಂದು ಒಳಗ ಹೋಗಲಾರದ ನೋವು ಸುರು ಆದ್ರ, ವಾಂತಿ ಆದ್ರ, ಈ ಲೆಕ್ಕಾಚಾರ ಎಲ್ಲಾ ಬಿಟ್ಟು ಅವತ್ತ ದವಾಖಾನಿಗೆ ಹೋಗ್ರಿ.

ಈಗ ಮಾಡೋದು ಇಷ್ಟ. ಸ್ಕ್ಯಾನ್ ಮಾಡಿಸ್ರಿ, ಕಾಗದ ತರಸ್ರಿ, ಆರು ತಿಂಗಳು ತುಂಬೋತನಕ ತಿಂಗಳಿಗೊಂದು ಸಲ ಅದ ಗ್ವಾಡಿ ಮುಂದ ಅದ ಬೆಳಕಿನಾಗ ಮುಂದಿಂದ, ಎರಡೂ ಮಗ್ಗಲಿಂದ ಫೋಟೋ ತಗಸ್ರಿ, ಹೊಟ್ಟಿ ಒಳಗ ಎಳಕೊಳ್ಳಬ್ಯಾಡ್ರಿ. ಅವನ್ನೆಲ್ಲಾ ತಗೊಂಡು ಒಬ್ಬರಲ್ಲ, ಇಬ್ಬರು ಪ್ಲಾಸ್ಟಿಕ್ ಸರ್ಜನ್ರಿಗೆ ತೋರಸ್ರಿ, ಬೆಳಗಾವಿ ನೆಹರೂ ನಗರದ ಕೆಎಲ್‌ಇ ದವಾಖಾನ್ಯಾಗ ವಿಭಾಗ ಐತಿ, ಹುಬ್ಬಳ್ಳಿಯಾಗೂ ಅದಾರ. ಇಬ್ಬರೂ ಒಂದ ಮಾತು ಹೇಳಿದ್ರ ನಂಬ್ರಿ. ಬ್ಯಾರೆ ಬ್ಯಾರೆ ಹೇಳಿದ್ರ ಸ್ಕ್ಯಾನ್ ರಿಪೋರ್ಟಿನಾಗಿನ ಗ್ಯಾಪಿನ ಸೆಂಟಿಮೀಟರು ಮತ್ತ ಆವತ್ತಿನ ನಿಮ್ಮ ತೂಕ ಎರಡೂ ಬರದು ನನಗ ಕಳಸ್ರಿ.